ತಿರುಳ್ಗನ್ನಡದ ತಿರುಕ

ಸರ್ವಜ್ಞನ ಒಂದು ತ್ರಿಪದಿಯನ್ನಾದರೂ ಕೇಳದೆ ಬೆಳೆದ ಕನ್ನಡದ ಮಗು ದೊರೆಯುವುದು ದುರ್ಲಭ. ಮೊಮ್ಮಗನನ್ನು ಗದರಿಸುವ ಅಜ್ಜಿಯ ಬಾಯಿಯಲ್ಲಿ ಒಂದು, ಸಾಲ ಕೊಡಲೊಲ್ಲದ ಶೆಟ್ಟರ ಬಾಯಿಯಲ್ಲಿ ಇನ್ನೊಂದು, ಉಪಾಧ್ಯಾಯರ ಬೆತ್ತದ ಜೊತೆಗೆ ಮತ್ತೊಂದು: ಹೀಗೆ ಅವನ ನುಡಿಗಳು ನಮ್ಮ ಮನೆ ಬೀದಿಗಳಲ್ಲಿ ಬೆರೆತುಹೋಗಿವೆ. ಹಾಗೆ ಚೆದುರಿಹೋಗಿದ್ದ ನುಡಿಗಳನ್ನು ನಾಡೆಲ್ಲ ಅರಸಿ, ಸುಮಾರು 2000 ತ್ರಿಪದಿಗಳ ದೊಡ್ಡ ಗ್ರಂಥವಾಗಿ 1924ರಲ್ಲಿ ಕನ್ನಡಿಗರ ಕೈಗಿತ್ತವರು ಯಾರೆಂದು ಕೇಳಿದರೆ ಮಾತ್ರ ಬಹುಮಂದಿ ತಡವರಿಸುವರು. ಅವರೊಬ್ಬ ಕ್ರೈಸ್ತ ಪಾದ್ರಿ. ಹೆಸರು ರೆವರೆಂಡ್ ಉತ್ತಂಗಿ ಚನ್ನಪ್ಪ.

ಚನ್ನಪ್ಪನವರು ಹುಟ್ಟಿದ್ದು ಧಾರವಾಡದಲ್ಲಿ, 1881ರ ಅಕ್ಟೋಬರ್ 28ರಂದು. ಮನೆತನದ ಹೆಸರು ಹಡಗಲಿ ಸೀಮೆಯ ಉತ್ತಂಗಿ ಗ್ರಾಮದಿಂದ ಬಂದುದು. ಅಂದು ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆ ಸೀಮೆ 2021ರಿಂದೀಚೆಗೆ ವಿಜಯನಗರ ಜಿಲ್ಲೆಯಲ್ಲಿದೆ. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಹಿರಿಯರು ಲಿಂಗಾಯತರಾಗಿದ್ದು ಕ್ರೈಸ್ತಮತವನ್ನು ಸ್ವೀಕರಿಸಿದವರು. ಈ ಮೂರು ಹೆಸರುಗಳನ್ನು ವಾಚಕರು ಒಮ್ಮೆ ನಿಧಾನವಾಗಿ ಓದಿಕೊಳ್ಳಬೇಕು. ಬೈಬಲ್ಲಿನ ದಾನಿಯೇಲನಿಗೆ ಕನ್ನಡದ ಅಪ್ಪ ಸೇರಿಕೊಂಡಿದ್ದಾನೆ. ಮಗನ ಹೆಸರಂತೂ ಶರಣರ ಮನೆಯಿಂದ ಎದ್ದು ಬಂದಂತಿದೆ. ಮತ ಬದಲಾದ ಮಾತ್ರಕ್ಕೆ ಮನೆಯ ಮಾತು ಬದಲಾಗಬೇಕೆಂದು ಆ ಕುಟುಂಬಕ್ಕೆ ತೋರಿರಲಿಲ್ಲ.

ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ; ಧಾರವಾಡಕ್ಕೆ ಬಂದದ್ದು 1837ರಲ್ಲಿ. ಅವರ ಶಾಲೆಗಳು, ಹೆಂಚಿನ ಕಾರ್ಖಾನೆಗಳು, ಮುದ್ರಣಾಲಯ ಇವುಗಳ ಕಥೆ ಎಲ್ಲರಿಗೂ ಪರಿಚಿತ. ಚನ್ನಪ್ಪನವರು ಹದಿಮೂರರ ಬಾಲಕನಾಗಿದ್ದಾಗ, 1894ರಲ್ಲಿ, ಕಿಟೆಲ್ ಸಾಹೇಬರ ನಿಘಂಟು ಹೊರಬಂದಿತು. ಆ ಪರಿಸರದಲ್ಲಿ ಓದಿ, ಮಂಗಳೂರಿನ ದೇವಜ್ಞಾನ ಪಾಠಶಾಲೆಯಲ್ಲಿ ಶಿಕ್ಷಣ ಪಡೆದು ಅವರು ಸಭಾಪಾಲಕರಾದರು.

ಸಭಾಪಾಲಕನ ಕೆಲಸವೆಂದರೆ ಭಾನುವಾರದ ಉಪದೇಶ ಒಂದೇ ಎಂದು ಹೊರಗಿನವರು ತಿಳಿಯುವುದುಂಟು. ಸಭೆಯ ಮನೆಗಳಲ್ಲಿ ಮಗು ಹುಟ್ಟಿದರೆ ದೀಕ್ಷಾಸ್ನಾನ, ಬೆಳೆದರೆ ಮದುವೆ, ಕಣ್ಣು ಮುಚ್ಚಿದರೆ ಮಣ್ಣು: ಎಲ್ಲಕ್ಕೂ ಅಯ್ಯನವರು ಬರಬೇಕು. ಜಗಳವಾದರೆ ತೀರಿಸಲು ಅವರೇ, ಜ್ವರವೆಂದರೆ ಹಾಸಿಗೆಯ ಬಳಿ ಪ್ರಾರ್ಥಿಸಲೂ ಅವರೇ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಷನರಿಗಳನ್ನು ಆಂಗ್ಲ ಸರ್ಕಾರವು ಸೆರೆಯಲ್ಲಿಟ್ಟು ದೇಶದಿಂದ ಹೊರಗೆ ಕಳುಹಿಸಿತು. ಮಿಷನ್ನಿನ ಕಾರ್ಖಾನೆಗಳೂ ಕೈತಪ್ಪಿದವು. ಸಭೆಗಳ ಭಾರವೆಲ್ಲ ದೇಶೀಯ ಪಾದ್ರಿಗಳ ಹೆಗಲ ಮೇಲೆ ಬಿದ್ದ ಕಾಲವದು. ಇಂಥ ಹೊರೆಯನ್ನು ಹೊತ್ತುಕೊಂಡೇ ಚನ್ನಪ್ಪನವರು ಸರ್ವಜ್ಞನ ಬೆನ್ನು ಹತ್ತಿದರು.

ಆ ಕೆಲಸ ಎಷ್ಟು ಕಠಿನವೆಂಬುದನ್ನು ಸ್ವಲ್ಪ ವಿವರಿಸಬೇಕು. ಬಸವಣ್ಣನ ವಚನವಾದರೆ ಮಠದ ಓಲೆಗರಿಯಲ್ಲಿ ದೊರೆತೀತು. ಸರ್ವಜ್ಞನಿಗೆ ಮಠವಿಲ್ಲ, ಶಿಷ್ಯಪರಂಪರೆಯಿಲ್ಲ. ತನ್ನ ಮಾತನ್ನು ತಾನೇ ಬರೆದಿಟ್ಟ ಕುರುಹೂ ಇಲ್ಲ. ಹಿರೇಕೆರೂರಿನ ಸೀಮೆಯಲ್ಲಿ ಮಾಸೂರು ನಮ್ಮದು, ಅಬಲೂರು ನಮ್ಮದು ಎಂದು ಅವನ ಹುಟ್ಟಿದೂರಿಗಾಗಿ ವಾದಿಸುವವರಿದ್ದಾರೆ. ಅವನ ಕಾಲದ ವಿಷಯದಲ್ಲಿಯೂ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅವನ ನುಡಿ ನಿಂತದ್ದು ಜನರ ನಾಲಗೆಯ ಮೇಲೆ. ನಾಲಗೆ ಒಂದೊಂದು ಊರಿಗೆ ಒಂದೊಂದು ತೆರನಾಗಿ ತಿರುಗುವುದು. ಒಂದೇ ತ್ರಿಪದಿ ಇಲ್ಲಿ ಒಂದು ಬಗೆ, ನಾಲ್ಕು ಹರದಾರಿಯಾಚೆ ಇನ್ನೊಂದು ಬಗೆ. ಸಾಲದುದಕ್ಕೆ, ಕೊನೆಗೆ ‘ಸರ್ವಜ್ಞ’ ಎಂಬ ಅಂಕಿತವನ್ನು ಅಂಟಿಸಿದರೆ ಯಾರ ಮಾತಾದರೂ ಸರ್ವಜ್ಞನದಾಗಿಬಿಡುವುದು! ಯಾವುದು ಅಸಲು, ಯಾವುದು ನಕಲು, ಯಾವುದು ಯಾರದೋ ಹೊಟ್ಟೆಕಿಚ್ಚಿನ ಕೂಸು ಎಂದು ಬೇರ್ಪಡಿಸುವುದು ರಾಗಿಯಿಂದ ಮರಳನ್ನು ಆರಿಸುವಂಥ ಕೆಲಸ. ಮೊದಲು ಚಿಕ್ಕಪುಟ್ಟ ಸಂಗ್ರಹಗಳು ಬಂದಿರಲಿಲ್ಲವೆಂದಲ್ಲ. ಆದರೆ ಪಾಠಗಳನ್ನು ಹೋಲಿಸಿ, ವಿಷಯಾನುಸಾರವಾಗಿ ಹೊಂದಿಸಿ, ಇಷ್ಟು ವಿಸ್ತಾರವಾಗಿ ಸರ್ವಜ್ಞನನ್ನು ನಿಲ್ಲಿಸಿದ ಶ್ರಮ ಚನ್ನಪ್ಪನವರದು. ಇದಕ್ಕೆ ಹಿಂದಿನ ವರ್ಷವಷ್ಟೇ, 1923ರಲ್ಲಿ, ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಹೊರಬಂದಿತ್ತು. ಒಬ್ಬರು ವಕೀಲರು, ಒಬ್ಬರು ಪಾದ್ರಿಗಳು. ವಿಶ್ವವಿದ್ಯಾಲಯದ ಪೀಠವಾಗಲಿ ಸರ್ಕಾರದ ಸಂಬಳವಾಗಲಿ ಇಲ್ಲದ ಇಬ್ಬರು ಗೃಹಸ್ಥರು ಒಂದೇ ಸಮಯದಲ್ಲಿ ಕನ್ನಡದ ಎರಡು ಭಂಡಾರಗಳ ಬಾಗಿಲನ್ನು ತೆರೆದದ್ದು ಸೋಜಿಗವೇ ಸರಿ.

ಚನ್ನಪ್ಪನವರನ್ನು ನಾಡು ‘ತಿರುಳ್ಗನ್ನಡದ ತಿರುಕ’ ಎಂದು ಕರೆಯಿತು. ಮನೆಮನೆಯ ಬಾಗಿಲಲ್ಲಿ ನಿಂತು ತ್ರಿಪದಿಯನ್ನು ಬೇಡಿದವರಿಗೆ ಇದಕ್ಕಿಂತ ಒಪ್ಪುವ ಬಿರುದನ್ನು ನಾನು ಕಾಣೆ. ಸರ್ವಜ್ಞನೂ ತಿರುಕನೇ ಅಲ್ಲವೆ?

ಸರ್ವಜ್ಞನೊಂದಿಗೆ ಅವರ ಹುಡುಕಾಟ ಮುಗಿಯಲಿಲ್ಲ. ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣದಲ್ಲಿ ಕಟ್ಟಿಗೆ ಮಾರಿ ಬದುಕಿದನೆಂದು ಹೇಳಲಾಗುವ ಮೋಳಿಗೆಯ ಮಾರಯ್ಯ, ಅವನ ರಾಣಿ ಮಹಾದೇವಿ ಇವರ ವಚನಗಳನ್ನು ಸಂಪಾದಿಸಿದರು. ಸೊನ್ನಲಿಗೆಯ ಸಿದ್ಧರಾಮನ ಸಾಹಿತ್ಯಕ್ಕೆ ಕೈ ಹಾಕಿದರು. ಕಲ್ಯಾಣದಲ್ಲಿ ಅನುಭವ ಮಂಟಪವೆಂಬುದೇ ಇರಲಿಲ್ಲ, ಅದು ಕವಿಕಲ್ಪನೆ ಎಂಬ ವಾದ ಎದ್ದಾಗ, ‘ಅನುಭವ ಮಂಟಪದ ಐತಿಹಾಸಿಕತೆ’ ಎಂಬ ಗ್ರಂಥವನ್ನೇ ಬರೆದು ಶರಣರ ಪರವಾಗಿ ನಿಂತವರು ಈ ಪಾದ್ರಿಗಳು.

ಇಲ್ಲಿ ಒಂದು ಪ್ರಶ್ನೆ ಎರಡೂ ಕಡೆಯಿಂದ ಏಳುವಂಥದು. ಕ್ರಿಸ್ತನ ಸುವಾರ್ತೆಯನ್ನು ಸಾರಬೇಕಾದವನಿಗೆ ಶಿವಶರಣರ ಗೊಡವೆ ಏಕೆ ಎಂದು ಸ್ವಮತದವರು ಕೇಳಬಹುದು. ನಮ್ಮ ವಚನಗಳಲ್ಲಿ ಪಾದ್ರಿಗೇನು ಕೆಲಸ, ಇದರಲ್ಲಿ ಏನೋ ಹೂಟವಿರಬೇಕೆಂದು ಇತರರು ಶಂಕಿಸಬಹುದು. ಚನ್ನಪ್ಪನವರು ತಮ್ಮ ನಂಬಿಕೆಯನ್ನು ಮರೆಮಾಚಿದವರಲ್ಲ. ಕೊನೆಯವರೆಗೆ ಕ್ರಿಸ್ತಭಕ್ತರಾಗಿಯೇ ಬಾಳಿದರು. ಅವರ ಒಂದು ಪುಸ್ತಕದ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಆ ಕೊನೆಯ ಪದವನ್ನು ಗಮನಿಸಬೇಕು. ಆ ಕಾಲದ ಮತಪ್ರಚಾರದ ಕರಪತ್ರಗಳಲ್ಲಿ ಖಂಡನೆ, ಸವಾಲು, ಮೂದಲಿಕೆಗಳಿಗೆ ಕೊರತೆಯಿರಲಿಲ್ಲ. ಇವರು ಬೆತ್ಲೆಹೇಮಿನ ಬಾಯಿಯಲ್ಲಿ ಬನಾರಸಕ್ಕೆ ವಿನಂತಿಯನ್ನು ಹೇಳಿಸಿದರು. ಕೈಮುಗಿದು ಬಂದವನೊಂದಿಗೆ ಜಗಳವಾಡುವುದು ಕಷ್ಟ. ಅವರ ಮತಸಿದ್ಧಾಂತವನ್ನು ಒಪ್ಪದವರಿಗೂ ಅವರ ಮೇಲೆ ವಿಶ್ವಾಸ ಹುಟ್ಟಿದ್ದರ ಗುಟ್ಟು ಇದರಲ್ಲಿಯೇ ಇದೆಯೆಂದು ನನ್ನ ಎಣಿಕೆ.

ಆ ವಿಶ್ವಾಸಕ್ಕೆ ನಾಡು ಮುದ್ರೆಯೊತ್ತಿದ್ದು 1949ರಲ್ಲಿ. ಆ ವರ್ಷದ ಕನ್ನಡ ಸಾಹಿತ್ಯ ಸಮ್ಮೇಲನ ಕಲಬುರ್ಗಿಯಲ್ಲಿ ಸೇರಿತು. ಅಧ್ಯಕ್ಷರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಕಾಲವನ್ನೂ ಸ್ಥಳವನ್ನೂ ನೆನೆದರೆ ಈ ಆಯ್ಕೆಯ ಬೆಲೆ ತಿಳಿಯುವುದು. ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ರಜಾಕಾರರ ಹಾವಳಿಯ ಗಾಯ ಇನ್ನೂ ಹಸಿಯಾಗಿದ್ದಿತು. ನಿಜಾಮರ ಆಳ್ವಿಕೆಯಲ್ಲಿ ಕಚೇರಿಗೂ ಶಾಲೆಗೂ ಉರ್ದುವೇ ಒಡತಿಯಾಗಿದ್ದು, ಕನ್ನಡ ಮೂಲೆಯಲ್ಲಿ ಕುಳಿತಿದ್ದಿತು. ಕಲಬುರ್ಗಿಯೋ ಶರಣಬಸವೇಶ್ವರರ ಊರು, ಬಂದೇ ನವಾಜರ ದರ್ಗಾ ಇರುವ ಊರು. ಮತದ ಹೆಸರಿನಲ್ಲಿ ನೊಂದ ಅಂಥ ಊರಿನಲ್ಲಿ ಕನ್ನಡದ ಹಬ್ಬಕ್ಕೆ ಹಿರಿಯರಾಗಿ ಕುಳಿತವರು, ಜೀವಮಾನವನ್ನೆಲ್ಲ ಶೈವರ ನುಡಿಗಳನ್ನು ಆಯುವುದರಲ್ಲಿ ಸವೆಸಿದ ಕ್ರೈಸ್ತ ಸಭಾಪಾಲಕರು!

1956ರ ನವೆಂಬರ್ 1ರಂದು ಹರಿದು ಹಂಚಿಹೋಗಿದ್ದ ಕನ್ನಡ ಪ್ರದೇಶಗಳು ಒಂದಾದುವು. ಧಾರವಾಡದಲ್ಲಿ ಹುಟ್ಟಿ, ಬಳ್ಳಾರಿ ಸೀಮೆಯ ಊರಿನ ಹೆಸರು ಹೊತ್ತು, ಕಲಬುರ್ಗಿಯಲ್ಲಿ ಅಧ್ಯಕ್ಷಪೀಠವೇರಿದ ಚನ್ನಪ್ಪನವರಿಗೆ ಆ ಭಾಗ್ಯವನ್ನು ಕಣ್ಣಾರೆ ಕಾಣುವ ಯೋಗವಿತ್ತು. 1962ರ ಆಗಸ್ಟ್ 28ರಂದು ಅವರು ತೀರಿಕೊಂಡರು. ಎಂಬತ್ತೊಂದು ತುಂಬಲು ಸರಿಯಾಗಿ ಎರಡು ತಿಂಗಳು ಉಳಿದಿದ್ದವು.

2009ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯ ಅನಾವರಣವಾಯಿತು; ಅದಾದ ಕೆಲವೇ ದಿನಗಳಲ್ಲಿ ಚೆನ್ನೈಯ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆ ಎದ್ದು ನಿಂತಿತು. ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಬಂದರು, ಹಾರ ಬಿದ್ದಿತು, ಭಾಷಣಗಳಾದುವು. ಸರ್ವಜ್ಞನ ಕೈಯಲ್ಲಿ ಭಿಕ್ಷಾಪಾತ್ರೆಯನ್ನು ಕೊಟ್ಟು ಚಿತ್ರಿಸುವುದು ನಮ್ಮ ಕಲಾವಿದರ ರೂಢಿ. ಅಂಥ ಚಿತ್ರವನ್ನು ಎಲ್ಲಿ ಕಂಡರೂ, ಅವನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ನಡೆದು ಬರುತ್ತಿರುವ ಇನ್ನೊಬ್ಬ ತಿರುಕ ನನಗೆ ನೆನಪಾಗುತ್ತಾನೆ: ಒಂದು ಕೈಯಲ್ಲಿ ಬೈಬಲ್ಲು, ಇನ್ನೊಂದರಲ್ಲಿ ಬರೆದುಕೊಳ್ಳುವ ಪುಸ್ತಕ.