ಪಂಚಾಂಗದ ಪೊಟ್ಟಣದಲ್ಲಿ ಕರಿಮೆಣಸು

"ಬಾರೇ ಇಲ್ಲಿ! ನೋಡು, ಮೆಣಸು! ನಮ್ಮ ಕಾಳುಮೆಣಸು!"

ಎಲ್ಲರೂ ಪಿಸುದನಿಯಲ್ಲಿ ಮಾತಾಡುವ ಆ ಕೋಣೆಯಲ್ಲಿ ಇವರು ನನ್ನ ತೋಳು ಹಿಡಿದು ಎಳೆದೇಬಿಟ್ಟರು. ಎದುರಿಗಿದ್ದದ್ದು ಪೀಟರ್ ಕ್ಲಾಸ್ ಎಂಬ ಕಲಾವಿದ 1627ರಲ್ಲಿ ಬರೆದ ಊಟದ ಮೇಜಿನ ಚಿತ್ರ. ಟರ್ಕಿ ಕೋಳಿಯ ದೊಡ್ಡ ಪೈ, ಅದರ ಮೇಲೆ ಅದೇ ಹಕ್ಕಿಯ ಗರಿಗಳ ಅಲಂಕಾರ, ಕಡಲ ಚಿಪ್ಪಿಗೆ ಲೋಹದ ಕಟ್ಟು ಹಾಕಿಸಿದ ಪಾನಪಾತ್ರೆ, ಚೀನಾದ ಪಿಂಗಾಣಿ, ನಿಂಬೆಹಣ್ಣು. ಇಷ್ಟೆಲ್ಲ ಸಿರಿಯ ನಡುವೆ ಒಂದು ಕಾಗದದ ಪೊಟ್ಟಣ. ಅಚ್ಚಿನ ಅಕ್ಷರಗಳಿರುವ ಹಾಳೆಯನ್ನು ಸುರುಳಿ ಸುತ್ತಿ ಮಾಡಿದ್ದು. ಅದು ಹಳೆಯ ಪಂಚಾಂಗದ ಹಾಳೆಯಂತೆ! ಅದರೊಳಗೆ ಮೆಣಸು!

ಸಿರಸಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ನನ್ನ ಅಜ್ಜಿಯೂ ಯುಗಾದಿ ಕಳೆದ ಮೇಲೆ ಹಳೆಯ ಪಂಚಾಂಗ ಹರಿದು ಇಂಗು, ಮೆಣಸಿನ ಪೊಟ್ಟಣ ಕಟ್ಟುತ್ತಿದ್ದಳು. ಸುಮಾರು 400 ವರ್ಷದ ಹಿಂದೆ, ಸಾವಿರಾರು ಮೈಲಿ ಆಚೆ, ಯಾರದೋ ಮನೆಯ ಊಟದ ಮೇಜಿನ ಮೇಲೂ ಅದೇ ಕೈಚಳಕ! ನನಗೆ ಮಾತೇ ಹೊರಡಲಿಲ್ಲ.

ನಾವು ಆಮ್‌ಸ್ಟರ್‌ಡ್ಯಾಮಿಗೆ ಬಂದದ್ದು ಮೂರು ದಿನದ ಮಟ್ಟಿಗೆ. ಮಗಳು ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದಾಳೆ. ನಮ್ಮ ಮದುವೆಗೆ 30 ವರ್ಷ ತುಂಬಿತೆಂದು, "ನೀವಿಬ್ಬರೇ ಹೋಗಿ ಬನ್ನಿ, ನಾನು ಬರುವುದಿಲ್ಲ" ಎಂದು ಟಿಕೆಟ್ ಕೈಗಿತ್ತು ರೈಲು ಹತ್ತಿಸಿದಳು. ಅಡಿಕೆ ತೋಟ, ಕೊನೆಕೊಯ್ಲು, ಮಕ್ಕಳ ಶಾಲೆ ಎಂದು ಮೂವತ್ತು ವರ್ಷ ಓಡಿದವರು ನಾವು. ಇಬ್ಬರೇ ಒಂದು ಊರನ್ನು ನೋಡಲೆಂದೇ ಹೊರಟದ್ದು ಇದೇ ಮೊದಲು.

ಎಂಥ ಊರು ಅದು! ಆ ಮೆಣಸಿನ ಚಿತ್ರವಿರುವ ರೈಕ್ಸ್‌ಮ್ಯೂಸಿಯಂನ ಕಟ್ಟಡವನ್ನೇ ನೋಡಿ. ಪಿಯರ್ ಕೌಪರ್ಸ್ ವಿನ್ಯಾಸ ಮಾಡಿ 1885ರಲ್ಲಿ ತೆರೆದ ಈ ಕೆಂಪು ಇಟ್ಟಿಗೆಯ ಅರಮನೆಯ ಹೊಟ್ಟೆಯೊಳಗಿಂದಲೇ ಸೈಕಲ್ ದಾರಿ ಹಾದುಹೋಗುತ್ತದೆ. ಕಮಾನುಗಳ ಕೆಳಗೆ ತರಕಾರಿ ಬುಟ್ಟಿ ಇಟ್ಟುಕೊಂಡ ಹೆಂಗಸರು, ಮಗುವನ್ನು ಮುಂದೆ ಕೂರಿಸಿಕೊಂಡ ಅಪ್ಪಂದಿರು ಬೆಲ್ ಬಾರಿಸುತ್ತ ಸುಂಯ್ ಎಂದು ಸಾಗುತ್ತಾರೆ. ಗಾಜಿನ ಆಚೆ ರೆಂಬ್ರಾಂಟ್!

ಅವನ 'ನೈಟ್ ವಾಚ್' ಮುಂದೆ ಜನಜಾತ್ರೆ. 1642ರ ಆ ಚಿತ್ರ ನಾಲ್ಕೂವರೆ ಮೀಟರ್ ಅಗಲವಿದೆ. 1715ರಲ್ಲಿ ಪುರಭವನದ ಗೋಡೆಗೆ ಹೊಂದಲಿಲ್ಲವೆಂದು ಅಂಚುಗಳನ್ನೇ ಕತ್ತರಿಸಿ ಹಾಕಿದರಂತೆ. ಕೇಳಿ ಹೊಟ್ಟೆ ಉರಿಯಿತು. ಆದರೆ ನನ್ನ ಕಾಲು ಕಟ್ಟಿಹಾಕಿದ್ದು ಅದಲ್ಲ, ಅದೇ ಸಾಲಿನಲ್ಲಿದ್ದ ಪುಟ್ಟ ಚಿತ್ರ. ವರ್ಮೀರ್‌ನ 'ಹಾಲು ಸುರಿಯುವವಳು'. ಅರ್ಧ ಮೀಟರ್ ಉದ್ದವೂ ಇಲ್ಲ, ಅಗಲವೂ ಇಲ್ಲ. ಅಡುಗೆಮನೆಯ ಕೆಲಸದವಳೊಬ್ಬಳು ತೋಳು ಮಡಚಿಕೊಂಡು ಮಣ್ಣಿನ ಪಾತ್ರೆಗೆ ಹಾಲು ಹೊಯ್ಯುತ್ತಿದ್ದಾಳೆ. ಅಷ್ಟೇ! ಆ ಹಾಲಿನ ಎಳೆ ಮಾತ್ರ ಇವತ್ತಿಗೂ ಬೀಳುತ್ತಲೇ ಇದೆ. ನೀಲಿ ಮೇಲುವಸ್ತ್ರದ ಬಣ್ಣಕ್ಕೆ ಆಫ್ಘಾನಿಸ್ತಾನದ ಕಲ್ಲು ಅರೆದಿದ್ದಾನೆ. ಬ್ರೆಡ್ಡಿನ ಮೇಲೆ ಬೆಳಕನ್ನು ಸಣ್ಣ ಸಣ್ಣ ಚುಕ್ಕೆಯಾಗಿ ಚಿಮುಕಿಸಿದ್ದಾನೆ. ಹಿಂದಿನ ಬಿಳಿ ಗೋಡೆಯಲ್ಲಿ ಒಂದು ಮೊಳೆ. ಆ ಮೊಳೆಗೂ ಒಂದು ನೆರಳು!

2022ರಲ್ಲಿ ಈ ಚಿತ್ರವನ್ನು ಹೊಸ ಯಂತ್ರಗಳಿಂದ ಪರೀಕ್ಷಿಸಿದಾಗ, ಅವಳ ತಲೆಯ ಹಿಂದೆ ಅವನು ಮೊದಲು ಹೂಜಿಗಳನ್ನು ನೇತುಹಾಕುವ ಹಲಗೆಯೊಂದನ್ನು ಬರೆದು ಆಮೇಲೆ ಬಿಳಿ ಬಳಿದು ಅಳಿಸಿದ್ದು ಗೊತ್ತಾಯಿತು. ಹೂಜಿಗಳನ್ನು ತೆಗೆದ, ಮೊಳೆಯನ್ನು ಉಳಿಸಿದ. ಬೆಳಿಗ್ಗೆ ಐದೂವರೆಗೆ ಎದ್ದು ಹಾಲು ಕಾಯಿಸುವ ನನ್ನಂಥವರಿಗೆ ಆ ಅಡುಗೆಮನೆಯ ಮೌನ ಗೊತ್ತು. ಅದನ್ನು ಒಬ್ಬ ಗಂಡಸು ಅಷ್ಟು ಹತ್ತಿರದಿಂದ ಕಂಡಿದ್ದಾನಲ್ಲ ಎಂದು ಕಣ್ಣು ತುಂಬಿ ಬಂತು.

ಅಲ್ಲಿಂದ ಏಷ್ಯಾ ವಿಭಾಗಕ್ಕೆ ಹೋದರೆ ಸಾಕ್ಷಾತ್ ನಟರಾಜ! ತಮಿಳುನಾಡಿನಲ್ಲಿ 12ನೇ ಶತಮಾನದಲ್ಲಿ ಎರಕ ಹೊಯ್ದ ಕಂಚಿನ ಮೂರ್ತಿ, ಹೆಚ್ಚುಕಡಿಮೆ ಒಂದೂವರೆ ಮೀಟರ್ ಎತ್ತರ. ಒಳಗೆ ಟೊಳ್ಳೋ ಗಟ್ಟಿಯೋ ತಿಳಿಯಲು ಮೂರ್ತಿಯನ್ನು ಲಾರಿಯ ಸಮೇತ ರಾಟರ್‌ಡ್ಯಾಮ್ ಬಂದರಿನ ಕಂಟೇನರ್ ಎಕ್ಸ್‌ರೇಯೊಳಗೆ ಹಾಯಿಸಿ ನೋಡಿದರಂತೆ. ನೋಡಿದರೆ ಜ್ವಾಲೆಯ ಪ್ರಭಾವಳಿಯೂ ಸೇರಿ ಪೂರ್ತಿ ಗಟ್ಟಿ ಕಂಚು! ಉತ್ಸವದಲ್ಲಿ ಹೆಗಲ ಮೇಲೆ ಮೆರೆಯಬೇಕಾದ ದೇವರು. ಇಲ್ಲಿ ಹೂವಿಲ್ಲ, ದೀಪವಿಲ್ಲ. ಇವರು ಚಪ್ಪಲಿ ಬಿಟ್ಟು ಕೈ ಮುಗಿದರು. ಕಾವಲಿನವಳು ನೋಡಿಯೂ ಸುಮ್ಮನೆ ನಕ್ಕಳು.

ಅಂದು ಸಂಜೆಯ ಊಟ ಗಾಜಿನ ಮನೆಯಲ್ಲಿ! 'ಡೆ ಕಾಸ್' ಎಂದರೆ ಡಚ್ ಭಾಷೆಯಲ್ಲಿ ಹಸಿರುಮನೆ ಎಂದೇ ಅರ್ಥ. 1926ರಲ್ಲಿ ನಗರಸಭೆಯ ಸಸ್ಯಪಾಲನೆಗೆಂದು ಕಟ್ಟಿದ್ದು. ಕೆಡವಿಹಾಕಲು ಹೊರಟಿದ್ದಾಗ ಗೆರ್ಟ್ ಯಾನ್ ಹಾಗೆಮಾನ್ ಎಂಬ ಬಾಣಸಿಗರು ಅದನ್ನು ಉಳಿಸಿಕೊಂಡು 2001ರಲ್ಲಿ ರೆಸ್ಟೋರೆಂಟ್ ತೆರೆದರು. ಪಕ್ಕದಲ್ಲೇ ಮಡಿಗಳು, ಊರಾಚೆ ಬೇಮ್ಸ್ಟರ್‌ನಲ್ಲಿ ಗದ್ದೆ. ಆ ಬೇಮ್ಸ್ಟರ್ ಒಂದು ಕಾಲಕ್ಕೆ ಸರೋವರ, 1612ರಲ್ಲಿ ಗಾಳಿಯಂತ್ರಗಳಿಂದ ನೀರು ಬಸಿದು ಮಾಡಿದ ನೆಲ! ಕೆರೆಯ ತಳದಲ್ಲಿ ಬೆಳೆದ ತರಕಾರಿ ನಮ್ಮ ತಟ್ಟೆಗೆ.

ಮಾಂಸ, ಮೀನು, ಮೊಟ್ಟೆ ಬೇಡವೆಂದು ಮಗಳು ಮೊದಲೇ ತಿಳಿಸಿದ್ದಳು. ಪಟ್ಟಿ ನೋಡಿ ಆರಿಸುವ ಕೆಲಸವೇ ಇಲ್ಲ. ಅಂದು ಮಡಿಯಲ್ಲಿ ಏನು ಹದಕ್ಕೆ ಬಂದಿದೆಯೋ ಅದೇ ಊಟ. ಮೊದಲ ತಟ್ಟೆಯಲ್ಲಿ ಬಂದದ್ದು ನವಿಲುಕೋಸು! ಹುಳಿಗೆ ಹಾಕುವ, ಮಕ್ಕಳು ತಟ್ಟೆಯಂಚಿಗೆ ತಳ್ಳುವ ಅದೇ ನವಿಲುಕೋಸು ಕಾಗದದಷ್ಟು ತೆಳ್ಳಗೆ ಹೆರೆಸಿಕೊಂಡು, ಎಳೆ ಬಟಾಣಿಯ ಮೇಲೆ ಹೊದಿಕೆಯಂತೆ ಮಲಗಿತ್ತು. ಬಾಯಿಗಿಟ್ಟರೆ ಕರುಂ ಎನ್ನುವ ಸದ್ದು, ಹಿಂದೆಯೇ ಪುದೀನದ ತಂಪು, ಕೊನೆಗೆ ಬೆಣ್ಣೆಯ ಜಿಡ್ಡು. ಇವರು ಕಣ್ಣುಮುಚ್ಚಿ ಅಗಿದರು. "ಇದು ಇವತ್ತೇ ಕಿತ್ತದ್ದು, ಹೌದೋ ಅಲ್ಲವೋ ಕೇಳು" ಎಂದರು. ಬಡಿಸುವ ಹುಡುಗಿ ಮಾತಾಡದೆ ಗಾಜಿನಾಚೆಗೆ ಬೆರಳು ತೋರಿಸಿದಳು. ಗಂಟೆ ಹತ್ತಾಗುತ್ತ ಬಂದರೂ ಜೂನ್ ತಿಂಗಳ ಬೆಳಕು ಇನ್ನೂ ಆರಿರಲಿಲ್ಲ, ಮಡಿಗಳು ಹೊಳೆಯುತ್ತಿದ್ದವು. ಬಿಲ್ಲು ನಮ್ಮ ಲೆಕ್ಕಕ್ಕೆ ದೊಡ್ಡದೇ. ಕೊಟ್ಟದ್ದಕ್ಕೆ ಒಂದಿಷ್ಟೂ ಬೇಸರವಿಲ್ಲ.

ಎರಡನೇ ದಿನ ವ್ಯಾನ್‌ಗೋ ಮ್ಯೂಸಿಯಂ. ಸಮಯ ನಿಗದಿ ಮಾಡಿ ಮೊದಲೇ ಟಿಕೆಟ್ ಕಾದಿರಿಸಲೇಬೇಕು, ಮರೆಯಬೇಡಿ. 'ಆಲೂಗಡ್ಡೆ ತಿನ್ನುವವರು' ಚಿತ್ರವನ್ನು ವಿನ್ಸೆಂಟ್ ವ್ಯಾನ್‌ಗೋ 1885ರಲ್ಲಿ ಬರೆದದ್ದು ನ್ಯೂನೆನ್‌ನಲ್ಲಿ. ಅಂದರೆ ಐಂಡ್‌ಹೋವನ್‌ಗೆ ಅಂಟಿಕೊಂಡ ಊರು, ರಜೆಯ ದಿನ ನಮ್ಮ ಮಗಳು ಸೈಕಲ್ ಹೊಡೆದು ಹೋಗುವ ಊರು! ಒಂದೇ ದೀಪದ ಕೆಳಗೆ ಐದು ಜನ; ಗೆಣ್ಣು ಗೆಣ್ಣಾದ ಕೈಗಳು. ಈಗ ತಟ್ಟೆಗೆ ಇಳಿದ ಕೈಗಳೇ ಆ ಆಲೂಗಡ್ಡೆಗಾಗಿ ನೆಲ ಅಗೆದವು ಎಂಬುದು ಕಾಣಬೇಕೆಂದು ತಮ್ಮ ಥಿಯೋಗೆ ಬರೆದಿದ್ದನಂತೆ. ಇವರು ತಮ್ಮ ಕೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡರು.

ಮಣ್ಣಿನ ಬಣ್ಣದ ಆ ಕತ್ತಲೆಯಿಂದ ಮುಂದೆ ಹೋದರೆ ಆಕಾಶವೇ ಗೋಡೆಗಿಳಿದಿದೆ! ನೀಲಿಯ ಮೇಲೆ ಬಾದಾಮಿ ಹೂವಿನ ಕೊಂಬೆಗಳು. 1890ರ ಜನವರಿ 31ರಂದು ಥಿಯೋಗೆ ಗಂಡುಮಗು ಹುಟ್ಟಿತು. ದೊಡ್ಡಪ್ಪನ ಹೆಸರನ್ನೇ ಇಟ್ಟರು. ಆಗ ಮನೋರೋಗಿಗಳ ಆಸ್ಪತ್ರೆಯಲ್ಲಿದ್ದ ವಿನ್ಸೆಂಟ್ ಮಗುವಿಗೆಂದು ಬರೆದ ಚಿತ್ರ ಇದು. ಅದೇ ವರ್ಷ ಜುಲೈನಲ್ಲಿ ಅವನು ತೀರಿಕೊಂಡ. ಆರು ತಿಂಗಳಲ್ಲಿ ಥಿಯೋ ಕೂಡ. ಥಿಯೋನ ಹೆಂಡತಿ ಯೊ, ಕೈಗೂಸನ್ನು ಕಟ್ಟಿಕೊಂಡು, ಆ ಚಿತ್ರಗಳನ್ನೂ ಕಾಗದಗಳನ್ನೂ ಕಾಪಾಡಿ ಲೋಕಕ್ಕೆ ತೋರಿಸಿದಳು. ಆ ಮಗು ಬೆಳೆದು ಎಂಜಿನಿಯರ್ ಆಗಿ, 1973ರಲ್ಲಿ ಈ ಮ್ಯೂಸಿಯಂ ತೆರೆಯುವುದನ್ನು ಕಣ್ಣಾರೆ ಕಂಡಿತು. ನಾಮಕರಣಕ್ಕೆ ಇಂಥ ಉಡುಗೊರೆ ಇನ್ನೆಲ್ಲಾದರೂ ಉಂಟೇ!

ರಾತ್ರಿ 'ರೈಸ್ಟಾಫೆಲ್'. ಹೆಸರಿನ ಅರ್ಥ ಅನ್ನದ ಮೇಜು. ಡಚ್ಚರು ಇಂಡೋನೇಷ್ಯಾವನ್ನು ಆಳುತ್ತಿದ್ದಾಗ ಹುಟ್ಟಿಸಿಕೊಂಡ ಊಟದ ಪದ್ಧತಿ. ಬಿಸಿ ಅನ್ನದ ಸುತ್ತ ಹದಿನೈದು ಪುಟ್ಟ ಬಟ್ಟಲು: ಹುದುಗಿಸಿದ ಸೋಯಾಕಾಳಿನ ಟೆಂಪೆ, ಕಡಲೆಕಾಯಿ ಗೊಜ್ಜಿನ ಗಾಡೊಗಾಡೊ, ಮೆಣಸಿನಕಾಯಿಯ ಸಂಬಾಲ್, 'ಅಚಾರ್' ಎಂದೇ ಹೆಸರಿರುವ ಉಪ್ಪಿನಕಾಯಿ, ಹುರಿದ ತೆಂಗಿನತುರಿಯ ಸೆರುಂಡೆಂಗ್. ಆ ಸೆರುಂಡೆಂಗ್ ನಾಲಿಗೆಗೆ ತಾಗಿದ್ದೇ ನಮ್ಮ ಕೊಬ್ಬರಿ ಚಟ್ನಿಪುಡಿ ನೆನಪಾಯಿತು! ರುಚಿಗೆ ಸೋತೆವು, ನಿಜ. ಆದರೆ ಸಾಂಬಾರ ಪದಾರ್ಥಕ್ಕಾಗಿ ಆ ದ್ವೀಪಗಳಲ್ಲಿ ಹರಿಸಿದ ರಕ್ತವನ್ನೂ ಆ ಮೇಜಿನ ಮೇಲೇ ನೆನೆಯಬೇಕು. ಅದೇ ವ್ಯಾಪಾರ ನಮ್ಮ ಕರಾವಳಿಯನ್ನೂ ಮುಟ್ಟಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಕುಂದಾಪುರದ ಪಕ್ಕದ ಬಸ್ರೂರಿನಲ್ಲಿ 17ನೇ ಶತಮಾನದಲ್ಲಿ ಡಚ್ಚರ ಕೋಠಿ ಇತ್ತು. ಕ್ಲಾಸ್‌ನ ಕಾಲಕ್ಕೆ ಡಚ್ ಹಡಗುಗಳು ಹೆಚ್ಚಿನ ಮೆಣಸನ್ನು ತುಂಬಿಕೊಳ್ಳುತ್ತಿದ್ದದ್ದು ಜಾವಾ, ಸುಮಾತ್ರಾದ ಕಡೆಯಿಂದ. ಬಳ್ಳಿಯ ತವರು ಮಾತ್ರ ನಮ್ಮ ಘಟ್ಟವೇ.

ಮೂರನೇ ದಿನ ಮಧ್ಯಾಹ್ನ ರೈಲು. ಕಾಲುವೆಗಳಲ್ಲಿ ದೋಣಿ ಹತ್ತೋಣ ಎಂದುಕೊಂಡಿದ್ದೆವು. ಇವರು ಒಪ್ಪಲಿಲ್ಲ; ಮತ್ತೆ ಟಿಕೆಟ್ ತೆಗೆಸಿ ರೈಕ್ಸ್‌ಮ್ಯೂಸಿಯಂಗೇ ಕರೆದುಕೊಂಡು ಹೋದರು. ಸೀದಾ ಆ ಪೊಟ್ಟಣದ ಮುಂದೆ. ಕೈ ಹಿಂದೆ ಕಟ್ಟಿಕೊಂಡು, ಕನ್ನಡಕ ಮೇಲೇರಿಸಿ, ವ್ಯಾಪಾರಿಗೆ ಮಾಲು ತೋರಿಸುವ ಮುನ್ನ ಅಂಗಳದಲ್ಲಿ ನೋಡುವ ಹಾಗೆ ನೋಡಿದರು, ಬಹಳ ಹೊತ್ತು.

"ಕಾಳು ಚೆನ್ನಾಗಿ ಒಣಗಿದೆ ಕಣೇ" ಎಂದರು.