ಕಲ್ಲನ್ನು ಒಡೆಯುವ ಅಲೆಯೂ ಜೀವಕೋಶವೂ

ಬೀರೂರು ಜಂಕ್ಷನ್ನಿನಂಥ ಕಡೆಗಳಲ್ಲಿ ಸಾಲಾಗಿ ನಿಂತ ಗೂಡ್ಸ್ ಗಾಡಿಗಳಿಗೆ ಎಂಜಿನು ಬಂದು ತಾಗುವುದನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಪೆಟ್ಟು ಬೀಳುವುದು ಮೊದಲನೆಯ ಗಾಡಿಗೆ. ಆದರೆ ಅದು ಸಾಲಿನುದ್ದಕ್ಕೂ ಓಡಿ, ಕೊಂಡಿ ಇಲ್ಲದಿದ್ದರೆ, ಕೊನೆಯ ಗಾಡಿಯನ್ನೇ ಸಿಡಿಸಿ ದೂಡುತ್ತದೆ. ಮೂತ್ರಪಿಂಡದ ಕಲ್ಲನ್ನು ಕತ್ತಿ ಮುಟ್ಟಿಸದೆ ಪುಡಿಮಾಡುವ ಚಿಕಿತ್ಸೆಯ ಗುಟ್ಟೂ ಬಹುಮಟ್ಟಿಗೆ ಇದೇ.

ಒತ್ತಡವು ಒಮ್ಮೆಲೇ ಗೋಡೆಯಂತೆ ಏರಿ ನಿಲ್ಲುವ ಅಲೆಗೆ ಆಘಾತ ತರಂಗವೆಂದು ಹೆಸರು. ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೆ ಏನಾಗುವುದೆಂದು ಜರ್ಮನಿಯ ಡಾರ್ನಿಯರ್ ವಿಮಾನ ಕಂಪನಿಯವರು ನಡೆಸಿದ ಶೋಧನೆಯಿಂದ ಈ ಚಿಕಿತ್ಸೆ ಹುಟ್ಟಿತು. 1980ರ ಫೆಬ್ರವರಿಯಲ್ಲಿ ಮ್ಯೂನಿಕ್ ನಗರದಲ್ಲಿ ಡಾಕ್ಟರ್ ಕ್ರಿಶ್ಚಿಯನ್ ಷೌಸಿ ಮತ್ತು ಸಂಗಡಿಗರು ಮೊದಲ ರೋಗಿಯನ್ನು ನೀರಿನ ತೊಟ್ಟಿಯಲ್ಲಿರಿಸಿ ಇದನ್ನು ಪ್ರಯೋಗಿಸಿದರು. ತೊಟ್ಟಿಯ ತಳದಲ್ಲಿ ಅರ್ಧ ಮೊಟ್ಟೆಯಾಕಾರದ ಲೋಹದ ಬಟ್ಟಲು. ಅದರ ಒಂದು ನಾಭಿಯಲ್ಲಿ ವಿದ್ಯುತ್ ಕಿಡಿ, ಇನ್ನೊಂದು ನಾಭಿಯಲ್ಲಿ ಕಲ್ಲು. ಕಿಡಿಯಿಂದೆದ್ದ ಅಲೆ ಬಟ್ಟಲಿಗೆ ತಾಗಿ ಪ್ರತಿಫಲಿಸಿ ಕಲ್ಲಿನ ಮೇಲೆ ಒಟ್ಟುಗೂಡುತ್ತದೆ.

ಅಲೆಯ ಮಟ್ಟಿಗೆ ನೀರಿಗೂ ಮಾಂಸಕ್ಕೂ ಹೆಚ್ಚು ಭೇದವಿಲ್ಲ. ಆದುದರಿಂದ ಅದು ದೇಹವನ್ನು ಸುಲಭವಾಗಿ ಹೊಗುತ್ತದೆ. ಕಲ್ಲಿನ ಹಿಂಬದಿಯನ್ನು ಮುಟ್ಟಿ ಮರಳುವಾಗ ಒತ್ತಡವು ಎಳೆತವಾಗಿ ಮಾರ್ಪಡುತ್ತದೆ. ಕಲ್ಲು ಒತ್ತಡವನ್ನು ತಾಳೀತು, ಎಳೆತವನ್ನು ತಾಳಲಾರದು, ಬಿರಿಯುತ್ತದೆ.

ಹಾಗಾದರೆ ಸುತ್ತಲಿನ ಜೀವಕೋಶಗಳ ಗತಿಯೇನು? ಅಲೆಯ ಬೆನ್ನಿಗೆ ಬರುವ ಎಳೆತದಿಂದ ದ್ರವದಲ್ಲಿ ಸಣ್ಣ ಗುಳ್ಳೆಗಳೆದ್ದು ರಭಸದಿಂದ ಕುಸಿಯುತ್ತವೆ. ಕಲ್ಲನ್ನು ಕೊರೆಯುವ ಈ ಗುಳ್ಳೆಗಳೇ ನವುರಾದ ರಕ್ತನಾಳಗಳನ್ನೂ ಹರಿಯಬಲ್ಲವು. ದ್ರವದಲ್ಲಿ ತೇಲುವ ಕೋಶಗಳು ಪ್ರಯೋಗಶಾಲೆಯಲ್ಲಿ ಒಡೆದುಹೋದುವು. ಅವನ್ನೇ ಅಂಟಾದ ಜೆಲ್ಲಿಯಲ್ಲಿ ಹುದುಗಿಸಿದಾಗ ಹಾನಿ ಬಹಳ ಕಡಮೆಯಾಯಿತು. ಅಪರಾಧಿ ಹೆಚ್ಚಾಗಿ ಗುಳ್ಳೆಯೇ ಎಂದು ಇದರಿಂದ ತಿಳಿಯುತ್ತದೆ. ಅದಕ್ಕಾಗಿಯೇ ವೈದ್ಯರು ಮೆದು ಪೆಟ್ಟಿನಿಂದ ಮೊದಲುಮಾಡುತ್ತಾರೆ. ನಿಮಿಷಕ್ಕೆ 120ರ ಬದಲು 60 ಪೆಟ್ಟು ಸಾಕೆನ್ನುತ್ತಾರೆ. ಗರ್ಭಿಣಿಯರಿಗೂ, ರಕ್ತ ಹೆಪ್ಪುಗಟ್ಟದ ದೋಷವುಳ್ಳವರಿಗೂ ಈ ಚಿಕಿತ್ಸೆ ಸಲ್ಲದು.

ಹಿತಮಿತವಾದ ಪೆಟ್ಟು ಕೋಶದ ಪೊರೆಯಲ್ಲಿ ಕ್ಷಣಕಾಲ ರಂಧ್ರ ತೆರೆದು ಮತ್ತೆ ಮುಚ್ಚಿಕೊಳ್ಳುವಂತೆಯೂ ಮಾಡಬಲ್ಲುದು. ಹಾನಿಯ ಅಲೆಯಿಂದ ಉಪಕಾರವನ್ನೂ ಪಡೆಯಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಜಗದೀಶ್, ದೀಪಶಿಖಾ ಚಕ್ರವರ್ತಿ ಮೊದಲಾದವರು ಕಿರು ಆಘಾತ ತರಂಗಗಳ ನೆರವಿನಿಂದ, ಸೂಜಿಯಿಲ್ಲದೆಯೇ ಇಲಿಗಳಿಗೆ ಲಸಿಕೆ ಸೇರಿಸಿದ ಪ್ರಯೋಗವನ್ನು 2011ರಲ್ಲಿ ಪ್ರಕಟಿಸಿದರು.

ಬಾಳೆದಿಂಡಿನ ಪಲ್ಯವನ್ನೇ ನಂಬಿ ಕಾಯುವವರು ನಮ್ಮ ಕಡೆ ಕಡಮೆಯಿಲ್ಲ. ನೋವು ನಿಂತ ಮಾತ್ರಕ್ಕೆ ಕಲ್ಲು ಹೋಯಿತೆಂದಲ್ಲ. ದಾರಿ ಕಟ್ಟಿಕೊಂಡ ಮೂತ್ರಪಿಂಡ ಸದ್ದಿಲ್ಲದೆ ಕೆಡಬಹುದು. ಅಲೆಯ ಪೆಟ್ಟಿಗೆ ಅಂಜಿ ಕಲ್ಲನ್ನು ಸಾಕಿಕೊಳ್ಳುವುದು ಜಾಣತನವಲ್ಲ. ಪೆಟ್ಟಿನ ಪ್ರಮಾಣವನ್ನರಿತ ವೈದ್ಯರನ್ನು ಕಾಲಕ್ಕೆ ಸರಿಯಾಗಿ ಕಾಣುವುದೇ ಜಾಣತನ.