ಕಾರಿಗೊಂದು ಪಾಯಿಂಟ್ ಅದೇನ್ರಿ?

ಪ್ರವಾಸಕ್ಕೆ ಮುಂಚೆ ಲಾಡ್ಜಿಗೆ ಫೋನ್ ಹಚ್ಚಿದರೆ ನಮ್ಮ ಕಡೆಯವರು ಕೇಳುವುದು ಎರಡೇ ಮಾತು: ಬಿಸಿನೀರು ಬರ್ತದೇನ್ರಿ, ಒಂದು ಗಾದಿ ಹೆಚ್ಚಿಗೆ ಕೊಡ್ತೀರೇನ್ರಿ. ಎಲೆಕ್ಟ್ರಿಕ್ ಕಾರು ಕೊಂಡವರು ಅದಕ್ಕೂ ಮೊದಲು ಇನ್ನೊಂದು ಕೇಳಬೇಕು: “ಗಾಡಿ ನಿಲ್ಸೋ ಜಾಗದಾಗ ಹದಿನೈದು ಆಂಪ್ ಪಾಯಿಂಟ್ ಅದೇನ್ರಿ? ರಾತ್ರಿ ಕರೆಂಟ್ ಎಷ್ಟೊತ್ತು ಹೋಗ್ತದ್ರಿ?” ಯಾವ ಊರಲ್ಲಿ ಉಳಿಯುವುದು, ಯಾವ ದಾರಿ ಹಿಡಿಯುವುದು, ಬೆಳಿಗ್ಗೆ ಎಷ್ಟಕ್ಕೆ ಏಳುವುದು ಎಲ್ಲವೂ ಇದಕ್ಕೆ ಸಿಗುವ ಉತ್ತರದ ಮೇಲಿದೆ. ಪೆಟ್ರೋಲ್ ಕಾರಿನ ಪ್ರವಾಸವನ್ನು ಹಗಲಿನ ದಾರಿಯಿಂದ ಯೋಚಿಸುತ್ತೇವೆ. ಬ್ಯಾಟರಿ ಕಾರಿನದನ್ನು ರಾತ್ರಿಯಿಂದ ಯೋಚಿಸಬೇಕು. ಕಾರು ಎಲ್ಲಿ ಮಲಗುತ್ತದೆ ಎಂಬುದೇ ಮೊದಲ ಲೆಕ್ಕ.

ಆ ಲೆಕ್ಕಕ್ಕೆ ಕಾರು ಒಂದು ಸಲ ತುಂಬಿಸಿದರೆ ಎಷ್ಟು ದೂರ ಓಡುತ್ತದೆಂದು ಗೊತ್ತಿರಬೇಕು. ನಮ್ಮ ಮಳಖೇಡದ ಆದಿತ್ಯನಗರದಲ್ಲಿ ಟ್ರಕ್ಕೆಂದರೆ ಸಿಮೆಂಟ್ ಹೊತ್ತು ಹೋಗುವುದು. ಅಮೆರಿಕದಲ್ಲಿ ಮನೆಮಂದಿ ಕೂತು ಊರೂರು ಸುತ್ತುವ ಗಾಡಿಗೂ ಟ್ರಕ್ ಅಂತಲೇ ಹೆಸರು. ಅಲ್ಲಿಯ ಫೋರ್ಡ್ ಎಫ್-150 ಲೈಟ್ನಿಂಗ್‌ನ ದೊಡ್ಡ ಬ್ಯಾಟರಿ 131 ಯೂನಿಟ್ ಹಿಡಿಯುತ್ತದೆ, ಅಲ್ಲಿನ ಪರೀಕ್ಷೆಯಲ್ಲಿ ಸಿಕ್ಕ ದೂರ 320 ಮೈಲು, ಅಂದರೆ ಸುಮಾರು 515 ಕಿ.ಮೀ. ನಮ್ಮಲ್ಲಿ ಓಡಾಡುವ 45 ಯೂನಿಟ್ಟಿನ ನೆಕ್ಸಾನ್ ಇವಿಗೆ ಇಲ್ಲಿನ ಪರೀಕ್ಷೆ ಕೊಟ್ಟ ಅಂಕಿ 489 ಕಿ.ಮೀ. ಬ್ಯಾಟರಿ ಸುಮಾರು ಮೂರು ಪಟ್ಟು, ದೂರ ಹೆಚ್ಚುಕಡಿಮೆ ಅಷ್ಟೇ! ಆ ಟ್ರಕ್ಕಿನ ತೂಕ, ಎತ್ತರ, ಅಗಲ ಎಲ್ಲ ಕರೆಂಟ್ ಕುಡಿಯುತ್ತವೆ ಎಂಬುದು ಒಂದು ಕಾರಣ. ನಮ್ಮ ಪರೀಕ್ಷೆ ಬಹಳ ಮೆತ್ತಗೆ ಓಡಿಸಿ ಮಾಡಿದ್ದು ಎಂಬುದು ಇನ್ನೊಂದು. ಹಾಗಾಗಿ ಕಂಪನಿ ಹೇಳಿದ ಕಿಲೋಮೀಟರನ್ನು ಮರೆತು ಯೂನಿಟ್ ಎಣಿಸಬೇಕು. ಜೆಸ್ಕಾಂ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯೂನಿಟ್.

ನಿಮ್ಮ ಕಾರು ನೂರು ಕಿ.ಮೀ.ಗೆ ಎಷ್ಟು ಯೂನಿಟ್ ತಿನ್ನುತ್ತದೆ? ಶೋರೂಮಿನವರನ್ನು ಕೇಳಬೇಡಿ. ಒಂದು ಭಾನುವಾರ ಮನೆಮಂದಿಯನ್ನೆಲ್ಲ ಕೂರಿಸಿ, ಡಿಕ್ಕಿ ತುಂಬಿ, ಏಸಿ ಹಚ್ಚಿ ಸೇಡಂ ದಾಟಿ ಚಿಂಚೋಳಿ ಕಡೆಯ ಚಂದ್ರಂಪಳ್ಳಿ ಕೆರೆಗೆ ಹೋಗಿ ಬನ್ನಿ. ಇಲ್ಲವೇ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಿ. ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕ ಸ್ತೂಪವನ್ನು ಮಕ್ಕಳಿಗೆ ತೋರಿಸಿದಂತೆಯೂ ಆಯಿತು. ಮನೆ ಬಿಡುವಾಗ ಬ್ಯಾಟರಿ ಎಷ್ಟು ಶೇಕಡಾ ಇತ್ತು, ಬಂದಾಗ ಎಷ್ಟು ಉಳಿದಿದೆ ಎಂದು ಬರೆದಿಡಿ. 120 ಕಿ.ಮೀ.ಗೆ ಶೇ. 40 ಇಳಿದಿದ್ದರೆ, 45 ಯೂನಿಟ್ಟಿನ ಬ್ಯಾಟರಿಯಲ್ಲಿ 18 ಯೂನಿಟ್ ಖರ್ಚಾಯಿತು, ನೂರು ಕಿ.ಮೀ.ಗೆ 15 ಬಿತ್ತು. ಈ 15 ನಿಮ್ಮದೇ ಅಂಕಿ. ಪ್ರವಾಸದ ಲೆಕ್ಕವನ್ನೆಲ್ಲ ಇದರ ಮೇಲೆಯೇ ಕಟ್ಟಬೇಕು.

ಬ್ಯಾಟರಿಯ ಕೊನೆಯ ಶೇ. 15 ನಿಮ್ಮದಲ್ಲ ಎಂದು ತಿಳಿಯಿರಿ. ಮನೆಯಿಂದ ತುಂಬಿಸಿಕೊಂಡು ಹೊರಟರೆ ಓಡಿಸಲು ಸಿಗುವುದು 38 ಯೂನಿಟ್, ಅಂದರೆ 250 ಕಿ.ಮೀ. 489 ಎಲ್ಲಿ, 250 ಎಲ್ಲಿ ಎಂದು ಬೇಜಾರಾಗುವುದು ಸಹಜ. ಆದರೆ 2001ರಲ್ಲಿ ಬೆಂಗಳೂರಿನಿಂದ ರೇವಾ ಎಂಬ ಎಲೆಕ್ಟ್ರಿಕ್ ಕಾರು ಬಂದಾಗ ಕಂಪನಿ ಹೇಳಿದ ದೂರವೇ 80 ಕಿ.ಮೀ. ಇತ್ತು, ಮಳಖೇಡದಿಂದ ಕಲಬುರಗಿಗೆ ಹೋಗಿ ಬರುವುದರೊಳಗೆ ಅದರ ಉಸಿರು ಮುಗಿಯುತ್ತಿತ್ತು. 

ಈಗ ದಾರಿ. ದಸರಾ ರಜೆಗೆ ಹಂಪಿ, ಚಿತ್ರದುರ್ಗ, ಮೈಸೂರು ಎಂದಿಟ್ಟುಕೊಳ್ಳೋಣ. ಮಳಖೇಡದಿಂದ ನೇರ ದಾರಿ ಯಾದಗಿರಿ, ಶಹಾಪುರ, ತಿಂಥಣಿಯ ಕೃಷ್ಣಾ ಸೇತುವೆ, ಲಿಂಗಸುಗೂರು. ಆಮೇಲೆ ಕುಷ್ಟಗಿಯಲ್ಲಿ 50ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಹೊಸಪೇಟೆ. ಒಟ್ಟು 300 ಕಿ.ಮೀ.ಯ ಆಸುಪಾಸು, ಅಂದರೆ 45 ಯೂನಿಟ್. ಇಡೀ ಬ್ಯಾಟರಿಯೇ ಖಾಲಿ. ನಡುವೆ ಎಲ್ಲಾದರೂ ಹತ್ತು ಯೂನಿಟ್ಟಾದರೂ ಏರಿಸಲೇಬೇಕು, ಹದಿನೈದಾದರೆ ಮನಸ್ಸಿಗೆ ನಿರಾಳ. ಕಲಬುರಗಿ, ವಿಜಯಪುರದ ಮೇಲೆ ಅದೇ 50ನೇ ಹೆದ್ದಾರಿಯಲ್ಲಿ ಹೋದರೆ ನೂರು ಕಿ.ಮೀ. ಸುತ್ತು, ಆದರೆ ದಾರಿಯಲ್ಲಿ ಎರಡು ದೊಡ್ಡ ಊರು ಸಿಗುತ್ತವೆ. ಪೆಟ್ರೋಲ್ ಕಾರಿನವರು ನಗಬಹುದು, ಆದರೂ ನೇರ ದಾರಿಯಲ್ಲಿ ಕೆಲಸ ಮಾಡುವ ಫಾಸ್ಟ್ ಚಾರ್ಜರ್ ಎರಡು ಕಡೆ ಕಾಣದಿದ್ದರೆ ನಾನು ಸುತ್ತು ದಾರಿಯನ್ನೇ ಹಿಡಿಯುತ್ತೇನೆ. ಎರಡು ಕಡೆ ಎಂದದ್ದು ಬೇಕೆಂದೇ. ಒಂದೇ ಚಾರ್ಜರನ್ನು ನಂಬಿ ಹೊರಡಬಾರದು. ಅದು ಕೆಟ್ಟಿದ್ದರೆ ಮುಂದಿನದಕ್ಕೆ ಮುಟ್ಟುವಷ್ಟು ಕರೆಂಟ್ ಉಳಿದಿರಬೇಕು.

ಚಾರ್ಜರ್ ಹುಡುಕಲು ಪ್ಲಗ್‌ಶೇರ್, ಬೆಸ್ಕಾಂನ ಇವಿ ಮಿತ್ರ ಮುಂತಾದ ಆ್ಯಪ್‌ಗಳಿವೆ. ನಕಾಶೆಯಲ್ಲಿ ಹಸಿರು ಚುಕ್ಕೆ ಕಂಡಿತೆಂದು ನಂಬಬೇಡಿ. ಕಳೆದ ವಾರ ಅಲ್ಲಿ ಯಾರಾದರೂ ಚಾರ್ಜ್ ಮಾಡಿಕೊಂಡಿದ್ದಾರಾ ನೋಡಿ, ಆಮೇಲೆ ಒಂದು ಫೋನ್ ಮಾಡಿ. ಕಾರಿಗೆ ಚುಚ್ಚುವ ಗನ್ ಯಾವುದು ಎಂಬುದೂ ಮುಖ್ಯ. ಈಗಿನ ಕಾರುಗಳಿಗೆ ಬೇಕಾದದ್ದು ಸಿಸಿಎಸ್-2. ಶುರುವಿನ ವರ್ಷಗಳಲ್ಲಿ ಹಾಕಿದ ಭಾರತ್ ಡಿಸಿ-001 ಮಾದರಿಯ ಗನ್ನು ಇವಕ್ಕೆ ಕೂರುವುದೇ ಇಲ್ಲ. 60 ಕಿಲೋವ್ಯಾಟ್ ಎಂದು ಬರೆದ ಯಂತ್ರಕ್ಕೆ ಎರಡು ಗನ್ನಿದ್ದರೆ, ಪಕ್ಕದಲ್ಲಿ ಇನ್ನೊಂದು ಕಾರು ಬಂದು ನಿಂತಾಗ ಅನೇಕ ಕಡೆ ಅದು 30–30 ಆಗಿ ಹಂಚಿಹೋಗುತ್ತದೆ. ಆ್ಯಪ್‌ನ ವ್ಯಾಲೆಟ್ಟಿಗೆ ಮನೆಯಲ್ಲಿದ್ದಾಗಲೇ ದುಡ್ಡು ಹಾಕಿಡಿ. ಚಾರ್ಜರ್ ಮುಂದೆ ನಿಂತು, ಒಟಿಪಿ ಬಾರದೆ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿಯುವುದು ಬಿಸಿಲಿನಲ್ಲಿ ಚೆಂದದ ಕೆಲಸವಲ್ಲ.

ಫಾಸ್ಟ್ ಚಾರ್ಜರಿನಲ್ಲಿ ಶೇ. 80ಕ್ಕೆ ಸಾಕು ಅನ್ನುತ್ತಾರಲ್ಲ, ಯಾಕೆ? ಸೇಡಂ ಬಸ್‌ಸ್ಟ್ಯಾಂಡಿಗೆ ಖಾಲಿ ಬಸ್ಸು ಬಂದು ನಿಂತದ್ದನ್ನು ನೆನೆಸಿಕೊಳ್ಳಿ. ಮೊದಲ ಮೂವತ್ತು ಮಂದಿ ದಡದಡ ಹತ್ತಿ ಕೂರುತ್ತಾರೆ. ಕೊನೆಯ ಹತ್ತು ಮಂದಿಗೆ ಸರಿಯಿರಿ, ಚೀಲ ತೆಗೀರಿ ಎನ್ನುತ್ತ ಸೀಟು ಹುಡುಕುವುದೇ ಆಗುತ್ತದೆ. ಬ್ಯಾಟರಿಯೊಳಗಿನ ಲಿಥಿಯಂ ಅಯಾನುಗಳ ಪಾಡೂ ಅದೇ. ತುಂಬುತ್ತ ಬಂದಂತೆ ಜಾಗ ಸಿಗುವುದು ತಡವಾಗುತ್ತದೆ. ಒತ್ತಾಯದಿಂದ ತುರುಕಿದರೆ ಬ್ಯಾಟರಿ ಕೆಡುತ್ತದೆ ಎಂದು ಕಾರೇ ವೇಗ ಇಳಿಸುತ್ತದೆ. 60 ಕಿಲೋವ್ಯಾಟ್ ಯಂತ್ರದಲ್ಲಿ ಶೇ. 10ರಿಂದ 80ಕ್ಕೆ ಮುಕ್ಕಾಲು ಗಂಟೆಯೊಳಗೆ ಏರುವ ಕಾರು, ಉಳಿದ ಇಪ್ಪತ್ತಕ್ಕೆ ಮತ್ತೆ ಅಷ್ಟೇ ಹೊತ್ತು ತೆಗೆದುಕೊಳ್ಳಬಹುದು. ಹಾಗಾಗಿ ಊಟದ ಹೊತ್ತಿಗೆ ಹೊಂದಿಸಿ ನಿಲ್ಲಿಸಿ. ಖಾನಾವಳಿಯಲ್ಲಿ ಎರಡು ಬಿಸಿರೊಟ್ಟಿ, ಪುಂಡಿಪಲ್ಯ, ಶೇಂಗಾಚಟ್ನಿ ಮುಗಿಸಿ ಮಜ್ಜಿಗೆ ಕುಡಿದು ಏಳುವಷ್ಟರಲ್ಲಿ ಬೇಕಾದಷ್ಟು ಏರಿರುತ್ತದೆ. ದರ ಮಾತ್ರ ಮನೆಯ ಯೂನಿಟ್ಟಿಗಿಂತ ಎಷ್ಟೋ ಹೆಚ್ಚು, ಮೇಲೆ ಶೇ. 18 ಜಿಎಸ್‌ಟಿ ಬೇರೆ.

ಇಲ್ಲಿಗೇ ರಾತ್ರಿಯ ಮಾತು ಮತ್ತೆ ಬರುತ್ತದೆ. ಹದಿನೈದು ಆಂಪ್ ಪಾಯಿಂಟಿನಿಂದ ಕಾರಿನ ಜೊತೆ ಬಂದ ಕೇಬಲ್ ಗಂಟೆಗೆ ಸುಮಾರು 3 ಯೂನಿಟ್ ಎಳೆಯುತ್ತದೆ. ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗೆ ಹತ್ತು ಗಂಟೆ, ಮೂವತ್ತು ಯೂನಿಟ್; ಬಿಸಿಯಾಗಿ ಹೋಗುವುದನ್ನು ಕಳೆದು 27. ನಿಮ್ಮ ಅಂಕಿ 15 ಆದರೆ ಇದು 180 ಕಿ.ಮೀ. ನೀವು ಗೊರಕೆ ಹೊಡೆಯುತ್ತ ಸಂಪಾದಿಸಿದ್ದು. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ 140 ಕಿ.ಮೀ. ಕೂಡ ಇಲ್ಲ. ಹಂಪಿಯಲ್ಲಿ ಎರಡು ರಾತ್ರಿ ಉಳಿದರೆ ಬ್ಯಾಟರಿ ಪೂರ್ತಿ ತುಂಬಿರುತ್ತದೆ, ಕೋಟೆ ನೋಡಿ ಮುಂದಕ್ಕೂ ಹೋಗಬಹುದು. ಹಂಪಿಯನ್ನು ಒಂದೇ ದಿನದಲ್ಲಿ ಓಡಿ ನೋಡುವ ನಮ್ಮ ಚಾಳಿಯನ್ನು ಈ ಕಾರು ಬಿಡಿಸಿದರೆ ನನಗೇನೂ ಬೇಸರವಿಲ್ಲ. ಚಿತ್ರದುರ್ಗದಿಂದ ಬೆಂಗಳೂರು, ಅಲ್ಲಿಂದ ಮೈಸೂರು ದಾರಿಗೆ ಇಷ್ಟೆಲ್ಲ ಲೆಕ್ಕ ಬೇಡ. ಚಾರ್ಜರಿಗೆ ಅಲ್ಲಿ ಬರವಿಲ್ಲ, ರಜೆಯ ದಿನ ಸರದಿ ಇರುತ್ತದೆ ಅಷ್ಟೆ.

ಪಾಯಿಂಟ್ ಅದೆ ಅಂದ ಮಾತ್ರಕ್ಕೆ ಕೆಲಸ ಆಯಿತೆಂದಲ್ಲ. ಒಮ್ಮೆ ಒಂದು ಲಾಡ್ಜಿನಲ್ಲಿ ಕೇಬಲ್ ಚುಚ್ಚಿದರೆ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿಕೊಂಡು ಕೂತಿತು. ಕರೆಂಟ್ ಇತ್ತು, ಫ್ಯಾನ್ ತಿರುಗುತ್ತಿತ್ತು, ಇಲ್ಲದ್ದು ಅರ್ಥಿಂಗ್. ಹಳೆಯ ಕಟ್ಟಡಗಳಲ್ಲಿ ಮೂರನೇ ತೂತು ಬರೀ ಅಲಂಕಾರಕ್ಕೆ ಇರುತ್ತದೆ. ಅದಕ್ಕೆ ತಂತಿ ಸೇರಿಲ್ಲವೆಂದು ಗೊತ್ತಾದರೆ ಚಾರ್ಜರ್ ಹಟ ಹಿಡಿದು ನಿಲ್ಲುತ್ತದೆ, ಹಿಡಿಯಲೂಬೇಕು. ಅದನ್ನು ಮೋಸ ಮಾಡುವ ಉಪಾಯಗಳನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಒದ್ದೆ ನೆಲದ ಮೇಲೆ ನಿಂತು ಕಾರಿನ ಬಾಗಿಲು ಮುಟ್ಟುವವರು ನಿಮ್ಮ ಮಕ್ಕಳೇ. ಆ ರಾತ್ರಿ ಅಡುಗೆಮನೆಯ ಫ್ರಿಜ್ಜಿನ ಪಾಯಿಂಟ್ ಸರಿಯಿತ್ತು, ಕಾರನ್ನು ಹಿತ್ತಲಿಗೆ ತಂದು ನಿಲ್ಲಿಸಿದೆವು. ಅಂದಿನಿಂದ ಹತ್ತಿಪ್ಪತ್ತು ರೂಪಾಯಿಯ ಟೆಸ್ಟರ್ ಜೊತೆಗೆ ಅರ್ಥಿಂಗ್ ನೋಡುವ ಮೂರು ಪಿನ್ನಿನ ಸಾಕೆಟ್ ಟೆಸ್ಟರೂ ಡ್ಯಾಶ್‌ಬೋರ್ಡಿನಲ್ಲಿದೆ. ಎಕ್ಸ್‌ಟೆನ್ಶನ್ ಬೇಕೆಂದರೆ ಟಿವಿಗೆ ಹಾಕುವ ಬೋರ್ಡ್ ಒಯ್ಯಬೇಡಿ, ಹತ್ತು ಗಂಟೆ ಆ ಭಾರ ತಡೆಯದೆ ಅದು ಕರಗುತ್ತದೆ. ದಪ್ಪ ತಾಮ್ರದ ತಂತಿಗೆ ಹದಿನಾರು ಆಂಪ್‌ನ ಪ್ಲಗ್ ಹಾಕಿಸಿಕೊಳ್ಳಿ, ನಮ್ಮ ಕಡೆ ಎಲೆಕ್ಟ್ರಿಷಿಯನ್ನುಗಳಿಗೆ ಇದು ಗೊತ್ತಿರುವ ಕೆಲಸವೇ. ತಂತಿಯನ್ನು ಸುತ್ತಿದ ಹಾಗೆಯೇ ಬಿಡದೆ ಪೂರ್ತಿ ಬಿಚ್ಚಿ ಹಾಸಿ. ಸುರುಳಿಯಾಗಿದ್ದರೆ ಬಿಸಿ ಹೋಗಲು ದಾರಿಯಿಲ್ಲ. ಲಾಡ್ಜಿನವರಿಗೆ ಯೂನಿಟ್ ಲೆಕ್ಕದಲ್ಲಿ ದುಡ್ಡು ಕೊಡುತ್ತೇನೆಂದು ನೀವೇ ಮೊದಲು ಹೇಳಿಬಿಡಿ, ಮುಖ ಅರಳುತ್ತದೆ.

ಬೇಸಿಗೆಯಲ್ಲಿ ಹೊರಡುವುದಾದರೆ ನಮ್ಮ ಬಿಸಿಲಿನ ಮಾತು ಬೇರೆ. 42 ಡಿಗ್ರಿಯಲ್ಲಿ ಏಸಿ ಗಂಟೆಗೆ ಒಂದರಿಂದ ಒಂದೂವರೆ ಯೂನಿಟ್ ತಿಂದರೂ ಅದು ದೊಡ್ಡ ಕಳ್ಳನಲ್ಲ. ದೊಡ್ಡ ಕಳ್ಳ ವೇಗ. ಗಂಟೆಗೆ 80ರ ಬದಲು 100ರಲ್ಲಿ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟಾಗುತ್ತದೆ. ಮೇಲೆ ಕ್ಯಾರಿಯರ್ ಕಟ್ಟಿ ಟ್ರಂಕು ಏರಿಸಿದರೆ ಇನ್ನೂ ಹೆಚ್ಚು. ಆದ್ದರಿಂದ ಸಾಮಾನು ಒಳಗಿರಲಿ, ಏಸಿ ಇರಲಿ, ಕಾಲು ಹಗುರಾಗಲಿ. ಕೇಬಲ್ ಕೀಳುವ ಮೊದಲೇ ಕಾರನ್ನು ತಂಪು ಮಾಡಿಕೊಂಡು ನಸುಕಿನಲ್ಲಿ ಹೊರಟುಬಿಡುವುದು ಎಲ್ಲಕ್ಕಿಂತ ಲಾಭ. ಉರಿಬಿಸಿಲಿನಲ್ಲಿ ಬ್ಯಾಟರಿ ಕಾದಿದ್ದರೆ ಫಾಸ್ಟ್ ಚಾರ್ಜಿಂಗ್ ನಿಧಾನವಾಗುತ್ತದೆ, ಮಧ್ಯಾಹ್ನದ ಲೆಕ್ಕಕ್ಕೆ ಕಾಲು ಗಂಟೆ ಹೆಚ್ಚಿಗೆ ಹಿಡಿಯಿರಿ.

ಮೈಸೂರಿನಿಂದ ಮಡಿಕೇರಿಗೂ ಹೋಗೋಣ ಎಂದು ಮಕ್ಕಳು ಹಟ ಮಾಡಿದರೆ ಹೆದರಬೇಡಿ. ಜನ, ಸಾಮಾನು ಸೇರಿ ಎರಡು ಟನ್ನಿನ ಕಾರು 1,000 ಮೀಟರ್ ಎತ್ತರ ಏರಲು ಐದೂವರೆ ಯೂನಿಟ್ ಹೆಚ್ಚಿಗೆ ಬೇಕು, ಮೈಸೂರಿನಿಂದ ಮಡಿಕೇರಿಗೆ ಏರುವುದು ಅದರ ಅರ್ಧಕ್ಕಿಂತ ಕಡಿಮೆ. ಇಳಿಯುವಾಗ ಮೋಟರು ಡೈನಮೋದಂತೆ ತಿರುಗಿ ಅದರಲ್ಲಿ ಒಂದು ಪಾಲನ್ನು ವಾಪಸ್ ಕೊಡುತ್ತದೆ. ಒಂದೇ ಎಚ್ಚರ: ಮಡಿಕೇರಿಯಲ್ಲಿ ಬ್ಯಾಟರಿಯನ್ನು ನೂರಕ್ಕೆ ತುಂಬಿಸಿ ಸಂಪಾಜೆ ಘಾಟಿ ಇಳಿಯಲು ಹೊರಡಬೇಡಿ. ತುಂಬಿದ ಕೊಡಕ್ಕೆ ನೀರು ಹಾಕಲಾಗದು. ಮೋಟರಿನ ತಡೆ ಸಿಗದೆ ಕಾರು ಬ್ರೇಕಿನ ಮೇಲೇ ನಿಲ್ಲಬೇಕಾಗುತ್ತದೆ.

ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರ ತಿರುಗಿದರೆ ಮೋಟರೂ ತಿರುಗಿ ಕರೆಂಟ್ ಹುಟ್ಟಿಸುತ್ತದೆ. ಗಾಡಿಯನ್ನು ಪೂರ್ತಿ ಮೇಲೆತ್ತಿ ಒಯ್ಯುವ ಫ್ಲಾಟ್‌ಬೆಡ್ ಬೇಕು. ಅದರ ನಂಬರನ್ನು ಇನ್ಶೂರೆನ್ಸ್ ಕಾಗದದಿಂದ ಮೊದಲೇ ಬರೆದಿಟ್ಟುಕೊಳ್ಳಿ. ಎಷ್ಟೋ ಸಲ ಕೈಕೊಡುವುದು ದೊಡ್ಡ ಬ್ಯಾಟರಿ ಅಲ್ಲ, ಬಾನೆಟ್ಟಿನಡಿಯ 12 ವೋಲ್ಟಿನ ಸಣ್ಣದು. ಅದು ಸತ್ತರೆ ಕಾರು ಕಣ್ಣೇ ಬಿಡುವುದಿಲ್ಲ, ಮೂರು ವರ್ಷ ದಾಟಿದ್ದರೆ ಹೊರಡುವ ಮೊದಲೇ ತೋರಿಸಿ. ಮಳೆಗಾಲದಲ್ಲಿ ಕಾಗಿಣಾ ನದಿ ಉಕ್ಕಿ ಮಳಖೇಡದ ಸೇತುವೆ ಮೇಲೆ ನೀರು ಬಂದರೆ, ಬ್ಯಾಟರಿಗೆ ನೀರು ಹೋಗದಂತೆ ಸೀಲ್ ಮಾಡಿದ್ದಾರೆಂಬ ಧೈರ್ಯದಿಂದ ಇಳಿಯಬೇಡಿ. ಹರಿಯುವ ನೀರಿಗೆ ಪೆಟ್ರೋಲ್ ಕಾರೂ ಒಂದೇ, ಇದೂ ಒಂದೇ.

ಬರುವಾಗಿನ ಲೆಕ್ಕ ಹೋಗುವಾಗಿನದಕ್ಕಿಂತ ಸ್ವಲ್ಪ ಸಲೀಸು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ನಮ್ಮ ಕಾಗಿಣಾ ದಂಡೆ ಹೆಚ್ಚುಕಡಿಮೆ 400. ಈ 500 ಮೀಟರ್ ಇಳಿಜಾರು ದಾರಿಯುದ್ದಕ್ಕೂ ಚೂರುಚೂರಾಗಿ ಹಂಚಿಹೋಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ಯೂನಿಟ್ಟಿನಲ್ಲಿ ಸುಮಾರು 2.7, ಕಿಲೋಮೀಟರಿನಲ್ಲಿ 18, ಅಂದರೆ ಮಳಖೇಡದಿಂದ ಸೇಡಂ ಮುಟ್ಟುವಷ್ಟು.